ದಾರವಿಲ್ಲದ ಕಾಯಿ

ಅಲಮಾರಿಯ ಬಾಗಿಲು ತೆರೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಹಳೆಯ ಕಾಗದದ, ಒಣಗಿದ ಎಲೆಯ ವಾಸನೆ. ಹೋದ ವರ್ಷದ ಮಾತು. ಧಾರವಾಡದಲ್ಲಿ ನಾನು ಓದಿದ ಸಸ್ಯಶಾಸ್ತ್ರ ವಿಭಾಗಕ್ಕೆ, ನಿವೃತ್ತಿಯಾಗಿ ಎಷ್ಟೋ ಕಾಲವಾದ ಮೇಲೆ, ಯಾವ ಕೆಲಸವೂ ಇಲ್ಲದೆ ಹೋಗಿದ್ದೆ. ಒಣಗಿಸಿದ ಗಿಡಗಳ ಸಂಗ್ರಹವನ್ನು ನೋಡಿಕೊಳ್ಳುವ ತರುಣಿ ನನ್ನ ಹೆಸರು ಕೇಳಿ, "ನಿಮ್ಮ ಹಾಳಿ ಇಲ್ಲೇ ಅದಾವ್ರಿ ಸರ್" ಎಂದು ಸೌತೆ, ಹೀರೆ, ಹಾಗಲಗಳ ಕಪಾಟನ್ನು ತೋರಿಸಿದಳು.

ಮೊರಬ ಎಂಬ ಹಳ್ಳಿಯ ಬೇಲಿಯಿಂದ ನಾನು ಬಿಡಿಸಿ ತಂದಿದ್ದ ಬಳ್ಳಿ ಹಾಗೇ ಇತ್ತು. ಕಂದು ತಿರುಗಿದ ಒರಟು ಎಲೆ, ಬಟಾಣಿಗಿಂತ ಚಿಕ್ಕ ಹಣ್ಣು, ಹಾಳೆಗೆ ಬಿಗಿದ ಬಿಳಿ ದಾರದ ಹೊಲಿಗೆ. ಬಲಗಡೆಯ ಕೆಳಮೂಲೆಯಲ್ಲಿ ನನ್ನ ಅಕ್ಷರದ ಚೀಟಿ: ಮುಕಿಯಾ. ಅದರ ಮೇಲ್ಗಡೆ ಬೇರೆ ಯಾರದೋ ಅಕ್ಷರದ ಹೊಸ ಚೀಟಿ: ಕ್ಯುಕ್ಯುಮಿಸ್. ಅಂದರೆ ಸೌತೆಕಾಯಿಯ ಕುಲ. ಗಿಡಗಳಿಗೆ ಹೆಸರಿಡುವವರಲ್ಲಿ ಒಂದು ಪದ್ಧತಿಯಿದೆ. ಹಳೆಯ ಹೆಸರು ತಪ್ಪೆಂದು ಕಂಡರೂ ಅದನ್ನು ಹರಿಯುವಂತಿಲ್ಲ, ಹೊಡೆದುಹಾಕುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಸಹಿ ಮಾಡಬೇಕು. ತಪ್ಪು ಮತ್ತು ತಿದ್ದುಪಡಿ ಒಂದೇ ಹಾಳೆಯ ಮೇಲೆ ಬಾಳಬೇಕು.

ಈ ಬದಲಾವಣೆ ನನಗೆ ಹೊಸದಲ್ಲ. ಗಿಡಗಳ ವಂಶವಾಹಿಗಳನ್ನು ಓದುವವರು ಬಂದ ಮೇಲೆ ಮುಕಿಯಾವನ್ನು ಸೌತೆಯ ಕುಲದೊಳಗೆ ಸೇರಿಸಿದ್ದನ್ನು ಓದಿದ್ದೆ. ಆಗಿನಿಂದ ಕಾಲೇಜಿನಲ್ಲಿ, ಬೀಳ್ಕೊಡುಗೆಗಳಲ್ಲಿ, ಮದುವೆಯ ಪಂಕ್ತಿಯಲ್ಲಿ ಕೂಡ ಒಂದು ಕಥೆ ಹೇಳಿಕೊಂಡು ಬಂದಿದ್ದೆ. ವಿಜ್ಞಾನಿಗಳಿಗಿಂತ ಎಷ್ಟೋ ವರ್ಷ ಮೊದಲು ಮೊರಬದ ಕೂಲಿಕಾರ ಹೆಂಗಸೊಬ್ಬಳು, ಭೀಮಕ್ಕ, ಬೇಲಿಯ ಬಳ್ಳಿ, ಸೌತೆ ಎರಡೂ ಒಂದೇ ಬೆಡಗಿನವು, ತಮ್ಮೊಳಗೆ ಮದುವೆ ಕೂಡದ ಒಂದೇ ವಂಶದವು ಎಂದು ನನಗೆ ಹೇಳಿದ್ದಳು ಎಂಬ ಕಥೆ. ಕೇಳಿದವರು ತಲೆದೂಗುತ್ತಿದ್ದರು. ಒಮ್ಮೆ ಚಪ್ಪಾಳೆಯೂ ಬಿದ್ದಿತ್ತು.

ಕಪಾಟಿನ ಮುಂದೆ ನಿಂತಾಗ ಆ ಕಥೆಯ ಇನ್ನೊಂದು ಮಗ್ಗುಲು ಮೊದಲ ಸಲ ಕಣ್ಣಿಗೆ ಬಿತ್ತು. ಭೀಮಕ್ಕ ಹಾಗೆ ನಂಬಿದ್ದರೆ, ನಾನು ಊರಲ್ಲಿಲ್ಲದ ಆ ಎಂಟು ದಿನ ಅವಳು ನಾನು ಹೇಳಿದ, ಆ ಬಳ್ಳಿಗಳನ್ನು ಕೂಡಿಸುವ ಕೆಲಸ ಮಾಡಿದಳೇ? ಮಾಡದೇ ಇದ್ದರೆ ನನ್ನ ಪ್ರಬಂಧದ ಒಂದು ಅಧ್ಯಾಯ ಸುಳ್ಳು. ಮಾಡಿದ್ದರೆ ಕಥೆ ಸುಳ್ಳು. ಎರಡರಲ್ಲಿ ಒಂದನ್ನು ನಾನು ಬಿಡಲೇಬೇಕಿತ್ತು. ಹಾಳೆಯನ್ನು ಒಳಗಿಟ್ಟು ಹೊರಗೆ ಬಂದೆ. ಬಸ್ ನಿಲ್ದಾಣದ ತನಕ ನಡೆದೆ, ಚಹಾ ಕುಡಿದೆ, ತಿರುಗಿ ನಡೆದೆ.

ಅದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ಶ್ರಾವಣದಿಂದ ದೀಪಾವಳಿಯ ಹೊತ್ತಿನವರೆಗೆ ನಾನು ಮೊರಬದಲ್ಲಿದ್ದೆ. ಇದಿಷ್ಟು ಖಾತ್ರಿ, ನನ್ನ ಹೊಲದ ಟಿಪ್ಪಣಿ ಪುಸ್ತಕದಲ್ಲಿದೆ. ಉಳಿದದ್ದಕ್ಕೆ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ.

ನನ್ನ ಕೆಲಸ ಹೇಳಲು ಸುಲಭ. ಹೊಲದ ಸೌತೆ ಒಂದು ಪ್ರಭೇದ. ಜೋಳದ, ಹತ್ತಿಯ ಸಾಲುಗಳ ನಡುವೆ ತಾನೇ ಹುಟ್ಟುವ ಮಿಣಿಕಿ ಇನ್ನೊಂದು ಪ್ರಭೇದ. ಇವೆರಡೂ ಒಂದೇ ಕುಲಕ್ಕೆ ಸೇರಿದವು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಬೇಲಿಯ ಮೇಲೆ ಹಬ್ಬುವ, ಕೈಗೆ ತಾಗಿದರೆ ಉಜ್ಜುಕಾಗದದಂತಿರುವ ಒಂದು ಸಣ್ಣ ಬಳ್ಳಿಯದು. ಕೆಲವರು ಅದನ್ನು ಈ ಕುಲದಲ್ಲಿಟ್ಟಿದ್ದರು, ಕೆಲವರು ಆ ಕುಲದಲ್ಲಿ, ಕೆಲವರು ಅದಕ್ಕೆ ಬೇರೆ ಮನೆಯನ್ನೇ ಹೂಡಿ ಮುಕಿಯಾ ಎಂದಿದ್ದರು. ನನ್ನ ಗುರುಗಳು ಬೇರೆ ಮನೆಯ ಪಕ್ಷ.

"ಎಲಿ ಮೋಸ ಮಾಡತದ. ಮಣ್ಣು ಬದಲಾದ್ರ ಎಲಿ ಬದಲಾಗತದ. ಹೂವು ಮೋಸ ಮಾಡೂದಿಲ್ಲ, ಹೂವು ನೋಡು" ಎನ್ನುತ್ತಿದ್ದರು ಗುರುಗಳು. ಹೂವಿನಲ್ಲಿ ನೋಡಬೇಕಾದದ್ದು ಪರಾಗದ ಚೀಲದ ತುದಿ. ಸೌತೆ, ಮಿಣಿಕಿಗಳಲ್ಲಿ ಅದರ ಆಚೆ ಸಣ್ಣದೊಂದು ನಾಲಿಗೆ ಚಾಚಿರುತ್ತದೆ. ಮುಕಿಯಾದಲ್ಲಿ ಅದು ಇಲ್ಲವೆನ್ನುವಷ್ಟು ಗಿಡ್ಡ. ಆ ನಾಲಿಗೆಯ ಮೇಲೆ ಕುಲದ ಗೆರೆ ನಿಂತಿತ್ತು. ಬಳ್ಳಿಯ ಕುಡಿ, ಬೀಜದ ಅಂಚು, ಹಣ್ಣಿನ ಸಿಪ್ಪೆ, ಎಲ್ಲವನ್ನೂ ಬರೆದಿಡುತ್ತಿದ್ದೆ. ಎಷ್ಟು ಲಕ್ಷಣ ಕೂಡಿದರೆ ಒಂದು ಕುಲ, ಎಷ್ಟು ಬಿಟ್ಟುಹೋದರೆ ಬೇರೆ ಕುಲ ಎನ್ನುವುದನ್ನು ಮಾತ್ರ ಯಾವ ಪುಸ್ತಕವೂ ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೇಲಿಯ ಬಳ್ಳಿಯ ಹೂವೊಂದರಲ್ಲಿ ನಾಲಿಗೆ ತುಸು ಉದ್ದವಾಗಿ ಕಂಡಿತು. ಭೂತಗನ್ನಡಿ ಒರೆಸಿ ಮತ್ತೆ ನೋಡಿದೆ. ಉದ್ದವೇ ಇತ್ತು. ಅದರ ಚಿತ್ರ ಬರೆದಿಟ್ಟುಕೊಂಡೆ.

ಆ ಗೆರೆಗೆ ಇನ್ನೊಂದು ಆಧಾರ ಬೇಕೆಂದು ಗುರುಗಳು ನನಗೆ ಹಚ್ಚಿದ ಕೆಲಸ ಸಂಕರದ್ದು. ಬೇಲಿಯ ಬಳ್ಳಿಯ ಪರಾಗವನ್ನು ಮಿಣಿಕಿಯ ಹೆಣ್ಣುಹೂವಿಗೆ ಹಚ್ಚಿ ನೋಡುವುದು. ಕಾಯಿ ನಿಂತು ಬೀಜ ಕಟ್ಟಿದರೆ ಹತ್ತಿರದ ಸಂಬಂಧ. ಒಂದೂ ನಿಲ್ಲದಿದ್ದರೆ ದೂರವೆನ್ನಲು ಒಂದು ಕಾರಣ.

ಊರಿನ ಕಲ್ಲಪ್ಪ ಕಾಕಾ ತಮ್ಮ ಹಿತ್ತಿಲಲ್ಲಿ ನನಗೆ ನಾಲ್ಕು ಸಾಲು ಜಾಗ ಕೊಟ್ಟಿದ್ದರು. ಹಣೆಯ ತುಂಬ ವಿಭೂತಿ ಹಚ್ಚಿ ಬೆಳಿಗ್ಗೆ ಕಟ್ಟೆಯ ಮೇಲೆ ಕೂತರೆ ಹಾದಿಯಲ್ಲಿ ಹೋಗುವವರೆಲ್ಲ ಅವರ ಬಾಯಿಗೆ ಬೀಳುತ್ತಿದ್ದರು.

"ಏನ್ ತಮ್ಮಾ, ಕಸಾ ಕೀಳಾಕ ಆಳ ಸಿಗವಲ್ವು ಅಂತ ನಾವು ಒದ್ದ್ಯಾಡಾಕತ್ತೀವಿ. ನೀ ನೋಡಿದ್ರ ಕಸಾನ ಬೆಳಸಾಕ ಬಂದೀಯಲ್ಲೋ."

"ಕಸ ಅಲ್ರಿ ಕಾಕಾ, ಸೌತಿಕಾಯಿ ಸಂಬಂಧಿಕರು."

"ಸಂಬಂಧಿಕರ ಅಂದ್ರ ಇನ್ನೂ ತ್ರಾಸ. ಕಸಾ ಆದ್ರ ಕಿತ್ತ ಒಗೀಬಹುದು."

ಭೀಮಕ್ಕನನ್ನು ಕೆಲಸಕ್ಕೆ ಹಚ್ಚಿಕೊಟ್ಟವರೂ ಅವರೇ. ಅವಳು ಆಗ ಮೂವತ್ತರ ಆಜುಬಾಜು. ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟುಗಳಲ್ಲಿ ಮೂರು ಹಂಗಾಮು ಕ್ರಾಸಿಂಗ್ ಮಾಡಿದವಳು. ಸಂಜೆ ಮೊಗ್ಗಿನೊಳಗಿನ ಗಂಡುಭಾಗವನ್ನು ಉಗುರಿನಿಂದ ತೆಗೆದು ಕಾಗದದ ಚೀಲ ಹಾಕುವುದು, ಬೆಳಿಗ್ಗೆ ಗಂಡುಸಾಲಿನ ಹೂವು ತಂದು ತಿಕ್ಕುವುದು, ತೊಟ್ಟಿಗೆ ದಾರ ಕಟ್ಟುವುದು, ಇದೆಲ್ಲ ಅವಳ ಕೈಗೆ ಅಭ್ಯಾಸ. ಮೊದಲ ದಿನ ನಾನು ಚಿಮುಟ ತೆಗೆದದ್ದನ್ನು ನೋಡಿ ನಕ್ಕಳು.

"ಅದನ್ನ ಒಳಗಿಡ್ರಿ ಸರ್ರ. ಹೂವಿಗೆ ಕಬ್ಬಿಣ ಯಾಕ? ಉಗುರಿಲ್ಲೇನ್ರಿ ನಿಮಗ?"

"ಅದಾವಲ್ಲ."

"ತೋರಸ್ರಿ ನೋಡೂಣು. ಅಯ್ಯ, ಇವು ಪುಸ್ತಕದ ಹಾಳಿ ತಿರುವೂ ಉಗುರ. ಸರೀರಿ ಬಾಜುಕ."

ಸರಿದೆ. ಮಿಣಿಕಿಯ ಹೆಣ್ಣುಮೊಗ್ಗಿಗೆ ಅವಳು ಚೀಲ ಹಾಕುವುದನ್ನು ಪಕ್ಕದಲ್ಲಿ ಕೂತು ಕಲಿತೆ. ಮೊಗ್ಗು ಅಲುಗುತ್ತಲೂ ಇರಲಿಲ್ಲ. ಎಲ್ಲವನ್ನೂ ಬಾಯಿಗೆ ಹಾಕಿ ನೋಡುವ ಒಂದು ರೂಢಿ ಅವಳದು. ಎಳೆ ಮಿಣಿಕಿಯ ತೊಟ್ಟಿನ ಕಡೆ ಚೂರು ಕಚ್ಚಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಹಿಯಾದರೆ ಥೂ ಎಂದು ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಕೂಡುವಳು.

ಹತ್ತಿಯ ಪ್ಲಾಟಿನ ಇನ್ನೊಂದು ಶಿಸ್ತನ್ನೂ ತನ್ನೊಂದಿಗೆ ತಂದಿದ್ದಳು. ಅಲ್ಲಿ ಹೆಣ್ಣುಸಾಲಿನಲ್ಲಿ ದಾರವಿಲ್ಲದ ಕಾಯಿ ಕಂಡರೆ ಅದು ಕೈಯಿಂದ ಮಾಡಿದ್ದಲ್ಲ, ತಾನೇ ಕಟ್ಟಿದ್ದು ಎಂದು ಅರ್ಥ. ಅಂಥ ಒಂದು ಕಾಯಿ ಉಳಿದರೂ ಬೀಜವೆಲ್ಲ ಬೆರಕೆಯಾಗುತ್ತದೆಂದು ಮೇಲ್ವಿಚಾರಕ ಸಾಲು ಸಾಲೇ ನಿಂತು ಬಯ್ಯುತ್ತಿದ್ದನಂತೆ. ಕಂಡಲ್ಲಿ ಕಿತ್ತು ಒಗೆಯಬೇಕು. "ದಾರ ಇದ್ದಿದ್ದ ಮಗಳು, ಇಲ್ಲದ್ದು ಕಳ್ಳಿ" ಎಂದು ಹೆಂಗಸರು ಹಾಡಿನಂತೆ ಹೇಳಿಕೊಂಡು ಸಾಲು ಹಾಯುತ್ತಿದ್ದರೆಂದು ಅವಳೇ ಹೇಳಿದ್ದಳು. ಈ ಮಾತು ನನಗೆ ಇಷ್ಟವಾಗಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅಲ್ಲಿ ಈಗಲೂ ಇದೆ.

ಬೆಡಗಿನ ಮಾತು ಬಂದದ್ದು ಒಂದು ಸಂಜೆ. ನನ್ನ ನೆನಪು ಹೀಗಿದೆ: ಹುಬ್ಬಿ ಮಳೆ ಆಗತಾನೆ ನಿಂತಿದೆ. ಎರೆ ಮಣ್ಣು ಚಪ್ಪಲಿಯ ಅಡಿಗೆ ಗೇಣುದ್ದ ಮೆತ್ತಿದೆ. ಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ಭೀಮಕ್ಕ ಕೈಯಲ್ಲಿ ಎರಡು ಕುಡಿ, ಮಿಣಿಕಿಯದೊಂದು, ಬೇಲಿಯ ಬಳ್ಳಿಯದೊಂದು, ಹಿಡಿದು, "ಇವೆರಡೂ ಒಂದ ಬೆಡಗಿನಾವ್ರಿ. ಒಂದ ಬೆಡಗಿನಾಗ ಲಗ್ನ ಹೆಂಗ ಮಾಡ್ತೀರಿ?" ಎನ್ನುತ್ತಾಳೆ. ನಮ್ಮ ಕಡೆ ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಅವರಲ್ಲಿ ಕೊಟ್ಟು ತರುವುದಿಲ್ಲ. ನನ್ನ ಶಾಸ್ತ್ರದಲ್ಲಿ ತಿರುವುಮುರುವು: ಒಂದೇ ಕುಲದವಾದರೆ ಮಾತ್ರ ಕೂಡುವ ಆಸೆ. ಕಾಕಾ ಬಿದ್ದು ಬಿದ್ದು ನಗುತ್ತಾರೆ. ಎಷ್ಟು ಸ್ಪಷ್ಟ! ಅವಳ ಬೆರಳಿಗೆ ಅಂಟಿದ ಹಳದಿ ಪರಾಗವೂ ನನಗೆ ಕಾಣುತ್ತದೆ.

ಅದಾದ ಕೆಲವೇ ದಿನಕ್ಕೆ ಗುರುಗಳು ಕರೆಸಿಕೊಂಡರು. ಒಂದು ದಿನದ ಮಟ್ಟಿಗೆ ಎಂದು ಹೋದವನು ಎಂಟು ದಿನ ಧಾರವಾಡದಲ್ಲೇ ಸಿಕ್ಕಿಬಿದ್ದೆ. ಮೇಲೆಲ್ಲೋ ಸುರಿದ ಮಳೆಗೆ ದಾರಿಯಲ್ಲಿನ ತುಪ್ಪರಿಹಳ್ಳ ತುಂಬಿ ಬಸ್ಸು ನಿಂತವು. ಹೂವು ನನಗಾಗಿ ಕಾಯುವುದಿಲ್ಲ. ಆ ಬಳ್ಳಿಗಳು ಮೈತುಂಬ ಹೂವು ಬಿಟ್ಟಿದ್ದ ವಾರ ಅದು. ಹೊರಡುವ ಮುಂಚೆ ಭೀಮಕ್ಕನಿಗೆ, "ನಾ ಬರೂ ತನಕ ದಿನಾ ನೀನ ಮಾಡು" ಎಂದು ಹೇಳಿದ್ದೆ.

ಗುರುಗಳು ನನ್ನ ಚಿತ್ರಗಳನ್ನು ನೋಡಿದರು. ಉದ್ದ ನಾಲಿಗೆಯ ಹೂವಿನ ಚಿತ್ರದ ಮೇಲೆ ಬೆರಳಿಟ್ಟು, "ಇದು ಒಂದ ಹೂವಿನ ಚಾಳಿ. ಬಿಡು" ಎಂದರು. ಆಮೇಲೆ, "ಶಿಷ್ಯವೇತನ ದೀಪಾವಳಿಗೆ ಮುಗೀತದ. ಈ ಅಧ್ಯಾಯ ಮುಗಿಸಿಬಿಡಪಾ. ಕಾಯಿ ನಿಲ್ಲೂದಿಲ್ಲ, ನನಗ ಗೊತ್ತದ" ಎಂದರು. ಒಳ್ಳೆಯ ಮನುಷ್ಯ. ಸುಳ್ಳು ಬರೆ ಎಂದು ಅವರು ನನಗೆ ಎಂದೂ ಹೇಳಲಿಲ್ಲ.

ಹಳ್ಳ ಇಳಿಯಿತು. ಮೊರಬಕ್ಕೆ ತಿರುಗಿ ಬಂದೆ. ಭೀಮಕ್ಕ ಹಿತ್ತಿಲಲ್ಲಿ ನಿಂತು, "ಒಂದೂ ನಿಂತಿಲ್ರಿ ಸರ್ರ" ಎಂದಳು. ನಾನು ಅದನ್ನೇ ಬರೆದೆ. ಆ ವಾಕ್ಯದ ಮೇಲೆ ಅಧ್ಯಾಯ ನಿಂತಿತು, ಅಧ್ಯಾಯದ ಮೇಲೆ ಪದವಿ, ಪದವಿಯ ಮೇಲೆ ಮೂವತ್ತು ಚಿಲ್ಲರೆ ವರ್ಷದ ನೌಕರಿ. ಪ್ರಬಂಧದ ಮೊದಲ ಪುಟದಲ್ಲಿ ಗುರುಗಳಿಗೆ, ಪ್ರಯೋಗಾಲಯದ ಸಿಬ್ಬಂದಿಗೆ, ಟೈಪಿಸ್ಟಿಗೆ ವಂದನೆ ಹೇಳಿದ್ದೇನೆ. ಕಲ್ಲಪ್ಪ ಕಾಕಾರ ಹೆಸರೂ ಇದೆ. ಭೀಮಕ್ಕನ ಹೆಸರಿಲ್ಲ.

ಕಪಾಟಿನ ವಾಸನೆ ಹತ್ತಿದ ಮರುದಿನ ಬೆಳಿಗ್ಗೆಯೇ ಮೊರಬದ ಬಸ್ಸು ಹತ್ತಿದೆ. ಕಾಕಾ ತೀರಿಕೊಂಡು ಬಹಳ ವರ್ಷವಾಗಿತ್ತು, ಹಿತ್ತಿಲಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಭೀಮಕ್ಕನ ಮನೆ ಕೇಳಿಕೊಂಡು ಹೋದೆ. ಬುದ್ಧನ ಪಟದ ಕೆಳಗೆ, ಬಾಗಿಲಿಗೆ ಎದುರಾಗಿ ಅವಳು ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹೆಸರು ಹೇಳುವ ಮೊದಲೇ ಉಗುರು ನೋಡಿದಳು.

"ಪುಸ್ತಕದ ಉಗುರ! ಬರ್ರಿ ಬರ್ರಿ. ಮುದುಕರಾದ್ರಲ್ರಿ!"

"ನೀನೂ ಆದಿ."

"ನಾ ಆದದ್ದು ನೀವು ನೋಡೀರಿ, ನೀವು ಆದದ್ದು ನಾ ನೋಡೇನಿ. ಲೆಕ್ಕ ಚುಕ್ತಾ." ಒಳಗೆ ತಿರುಗಿ ಸೊಸೆಗೆ ಚಹಾ ಇಡಲು ಹೇಳಿದಳು.

ಹೇಗೆ ಕೇಳುವುದೆಂದು ಬಸ್ಸಿನಲ್ಲಿ ಬಹಳ ಸಿದ್ಧಮಾಡಿಕೊಂಡಿದ್ದೆ. ಎಲ್ಲ ಮರೆತು ನೇರ ಕೇಳಿಬಿಟ್ಟೆ. "ಭೀಮಕ್ಕಾ, ಆ ಎಂಟು ದಿವಸ ನೀನು ಖರೇನ ಕ್ರಾಸಿಂಗ್ ಮಾಡಿದ್ಯಾ? ಒಂದ ಬೆಡಗಿನಾವು, ಲಗ್ನ ಮಾಡಬಾರದು ಅಂತ ಬಿಟ್ಟಿದ್ಯೋ?"

ಅವಳು ಕಡಲೆಕಾಯಿ ಬಿಟ್ಟು ನನ್ನನ್ನು ನೋಡಿದಳು. ಆಮೇಲೆ ನಕ್ಕಳು, ಕೆಮ್ಮು ಬರುವಷ್ಟು.

"ಗಿಡಕ್ಕ ಎಂಥಾ ಬೆಡಗರಿ? ನಮ್ಮ ಎಮ್ಮಿಗೆ ಬೆಡಗ ಕೇಳಿ ಕೋಣ ಬಿಡ್ತೀವೇನು? ಬೆಡಗು ಅಂದಾವ್ರು ನೀವು. ಕುಲ ಅಂದ್ರೇನ್ರಿ ಅಂತ ಕಾಕಾ ಕೇಳಿದ್ರು, ಅದಕ್ಕ ನೀವ, ನಿಮ್ಮ ಬೆಡಗು ಇದ್ದಂಗ ಅಂದ್ರಿ. ಒಂದ ಬೆಡಗಿನಾಗ ಲಗ್ನ ಮಾಡಸ್ತೀಯಲ್ಲೋ ಪಾಪಿ ಅಂತ ಕಾಕಾನ ನಿಮಗ ಚ್ಯಾಷ್ಟಿ ಮಾಡಿದ್ರು. ನಾ ನಕ್ಕಿದ್ದೆ ಅಷ್ಟ."

"ನೀನು ಎರಡು ಕುಡಿ ಕೈಯಾಗ ಹಿಡಕೊಂಡು..."

"ಕುಡಿ ನೀವ ಹಿಡದಿದ್ರಿ. ಕಾಕಾಗ ತೋರಸಾಕ."

ಕಥೆ ಹೋಯಿತು. ಇಷ್ಟು ವರ್ಷ ಅವಳ ಬೆರಳಿಗೆ ಹಚ್ಚಿದ್ದ ಹಳದಿ ಪರಾಗ ನನ್ನ ಬೆರಳಿನದು. ಹಗುರಾಗಬೇಕಿತ್ತು, ಯಾಕೆಂದರೆ ಅಧ್ಯಾಯ ಉಳಿಯಿತು. "ಹಂಗಾದ್ರ ದಿನಾ ಮಾಡಿದಿ. ಒಂದೂ ನಿಲ್ಲಲಿಲ್ಲ" ಎಂದೆ.

"ಒಂದು ನಿಂತಿತ್ತಲ್ರಿ."

ಸೊಸೆ ಚಹಾ ತಂದಿಟ್ಟಳು. ನಾನು ಬಟ್ಟಲು ಮುಟ್ಟಲಿಲ್ಲ.

"ಬೇಲಿ ಕಡೀ ಸಾಲಿನಾಗ. ಮಳಿಗೆ ಚೀಲ ಅರ್ಧ ಹರದಿತ್ತು. ಒಳಗ ನೆಲ್ಲಿಕಾಯಿಯಷ್ಟು ಆಗಿತ್ತು. ತೊಟ್ಟಿಗೆ ದಾರ ಇರಲಿಲ್ಲ. ದಾರ ಮಳ್ಯಾಗ ಬಿತ್ತೋ, ನಾನ ಕಟ್ಟಾಕ ಮರತಿದ್ನೋ. ದಾರ ಇಲ್ಲಂದ್ರ ಕೀಳೂದು, ಕೈ ತಾನ ಹೋತು. ಕಿತ್ತೆ."

"ನನಗ್ಯಾಕ ಹೇಳಲಿಲ್ಲ?"

"ಹೇಳೇನ್ರಿ! ನೀವು ಬಂದ ದಿವಸಾನ. ಪ್ಯಾಂಟ ಮೊಣಕಾಲ ತನಕ ಮಡಚಿದ್ರಿ. ಒಂದ ಚಪ್ಪಲಿ ಕಾಲಾಗ, ಒಂದ ಕೈಯಾಗ. ದಾರ ಇಲ್ಲದ್ದು ಒಂದು ನಿಂತಿತ್ತು, ಕಿತ್ತೆ ಅಂದೆ. ನೀವು ಸಾಲಿನ ಕಡೆ ಒಮ್ಮೆ ನೋಡಿದ್ರಿ. ಆಮ್ಯಾಲೆ, ಚಲೋ ಮಾಡಿದಿ, ಅದು ಲೆಕ್ಕಕ್ಕಿಲ್ಲ ಅಂದ್ರಿ."

ಚಪ್ಪಲಿಯ ಮಾತು ನಾನು ಯಾರಿಗೂ ಹೇಳಿದ್ದಲ್ಲ. ಹಳ್ಳದ ಕೆಸರಿನಲ್ಲಿ ಉಂಗುಷ್ಟ ಕಿತ್ತುಹೋಗಿ, ಅದನ್ನು ಕೈಯಲ್ಲಿ ಹಿಡಿದು ಊರು ಹೊಕ್ಕ ನಾಚಿಕೆ ನನಗೆ ನೆನಪಿದೆ. ಆ ದಿನದ್ದೇ. ಚಪ್ಪಲಿ ನೆನಪಿದೆ, ಮಡಚಿದ ಪ್ಯಾಂಟು ನೆನಪಿದೆ, ಅವಳ ಮಾತಿನಲ್ಲಿ 'ಒಂದೂ ನಿಂತಿಲ್ಲ' ಎಂಬುದು ನೆನಪಿದೆ. ನಡುವಿನ ಈ ಮಾತಿಲ್ಲ. ಎಷ್ಟು ತಡಕಿದರೂ ಇಲ್ಲ. ಬೇಕೆಂದೇ ಮರೆತೆನೇ, ಮರೆತದ್ದು ಅನುಕೂಲವಾಯಿತೇ, ನನಗೆ ಹೇಳಲು ಬರುವುದಿಲ್ಲ. ಗುರುಗಳ ಮನೆಯಿಂದ ಆಗತಾನೆ ಬಂದಿದ್ದೆ ಎಂಬುದನ್ನು ಮಾತ್ರ ಬಲ್ಲೆ.

ಹರಿದ ಚೀಲದೊಳಗೆ ಜೇನುನೊಣ ಹೊಕ್ಕು ಮಿಣಿಕಿಯದೇ ಪರಾಗ ಹಚ್ಚಿರಬಹುದು. ಪರಾಗವೇ ಇಲ್ಲದೆ ಕಾಯಿ ಸುಮ್ಮನೆ ಉಬ್ಬಿರಬಹುದು. ಅಥವಾ ಆ ಬೇಲಿಯ ಬಳ್ಳಿಯ ಪರಾಗವೇ ಹಿಡಿದಿರಬಹುದು. ಈ ಮೂರರಲ್ಲಿ ಯಾವುದೆಂದು ಒಳಗಿನ ಬೀಜ ಹೇಳುತ್ತಿತ್ತು. ರುಚಿ ಹೇಳುವುದಿಲ್ಲ, ಕಾಯಿಯ ತಿರುಳು ತಾಯಿಯದು, ತಂದೆಯ ಗುರುತು ಬೀಜದಲ್ಲಿ ಮಾತ್ರ. ಇದನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಆದರೂ ಕೇಳಿದೆ, "ಬಾಯಿಗೆ ಹಾಕಿ ನೋಡಿದ್ಯಾ?"

"ನೋಡದ ಬಿಡ್ತೀನೇನು? ಕಹಿ ಅಂದ್ರ ವಿಷ. ಉಗುಳಿದೆ."

"ಒಳಗ ಬೀಜ ಇದ್ದುವೇನು?"

"ಬೀಜ ಯಾರ ನೋಡ್ಯಾರ್ರಿ? ಕಹಿ ಹತ್ತಿದ ಮ್ಯಾಲೆ ಬಾಯಿ ತೊಳಕೊಳ್ಳೂದೋ, ಬೀಜ ಎಣಸೂದೋ?" ಬಟ್ಟಲನ್ನು ನನ್ನ ಕಡೆ ಸರಿಸಿದಳು. "ಚಾ ಆರಾಕತ್ತೈತಿ. ಒಂದು ಕಾಯಿ ಸಲುವಾಗಿ ಧಾರವಾಡದಿಂದ ಬಂದ್ರಿ?"

"ಹೂಂ."

"ಈಗ ಅದು ಲೆಕ್ಕಕ್ಕ ಬಂತೇನ್ರಿ?"

ಚಹಾ ಕುಡಿದೆ. ಹೊರಡುವಾಗ ಅವಳ ಪೂರ್ತಿ ಹೆಸರು ಕೇಳಿದೆ. ಇಷ್ಟು ವರ್ಷವಾದರೂ ಅದು ನನಗೆ ಗೊತ್ತಿರಲಿಲ್ಲ. ಅವಳು ನಿಧಾನ ಹೇಳಿದಳು, ನಾನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡೆ. ಸರಿಯಾಗಿ ಬರೆದೆನೋ ಇಲ್ಲವೋ ಎಂದು ಸೊಸೆಗೆ ತೋರಿಸಿ ಓದಿಸಿದಳು.

ಮತ್ತೆ ಧಾರವಾಡ, ಮತ್ತೆ ಆ ಕಪಾಟು. ಆ ತರುಣಿ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ನಾನೊಂದು ಚೀಟಿ ಅಂಟಿಸಬೇಕು ಎಂದೆ.

"ಹೆಸರು ಮತ್ತ ಬದಲಾತೇನ್ರಿ ಸರ್?"

"ಇಲ್ಲ. ಹೆಸರು ಹಂಗ ಇರಲಿ."

"ಮತ್ತ ಚೀಟಿ ಯಾತಕ್ಕ?"

ನಾನು ಬರೆಯತೊಡಗಿದ್ದೆ: ಆ ಮಳೆಗಾಲದಲ್ಲಿ, ಈ ಬಳ್ಳಿಯ ಪರಾಗ ಹಚ್ಚಿದ ಮಿಣಿಕಿಯ ಸಾಲಿನಲ್ಲಿ ಒಂದು ಕಾಯಿ ನಿಂತಿತ್ತು. ಚೀಲ ಹರಿದಿತ್ತು, ದಾರವಿರಲಿಲ್ಲ. ಕೀಳಲಾಯಿತು, ಬೀಜ ನೋಡಿಲ್ಲ. ಪ್ರಬಂಧದಲ್ಲಿ 'ಒಂದೂ ನಿಲ್ಲಲಿಲ್ಲ' ಎಂದಿರುವುದು ನಿಜವಲ್ಲ.

ಕಂಡವರು ಎಂದು ಬರೆದು ಅದರ ಮುಂದೆ ಭೀಮಕ್ಕನ ಪೂರ್ತಿ ಹೆಸರು ಬರೆದೆ, ಟಿಕೇಟು ನೋಡಿಕೊಂಡು, ಅಕ್ಷರ ಅಕ್ಷರ. ಅದರ ಕೆಳಗೆ, ಅವರು ಹೇಳಿದ್ದನ್ನು ಅಂದೇ ಕೇಳಿದವರು ಎಂದು ಬರೆದೆ. ನನಗೆ ನೆನಪಿಲ್ಲ ಎಂದು ಸೇರಿಸಬೇಕೆನಿಸಿತು. ಸೇರಿಸಲಿಲ್ಲ. ನನ್ನ ಹೆಸರು ಬರೆದು ಸಹಿ ಮಾಡಿ, ಹಳೆಯ ಚೀಟಿಯ ಪಕ್ಕಕ್ಕೆ ಅಂಟಿಸಿದೆ.